ಜಾಲತಾಣಗಳೂ ಅಂಗವಿಕಲರೂ: ಚಿನ್ನದ ಗಣಿಯ ಸೀಮೆಯಿಂದ ಒಂದು ವಿಚಾರ

ಕಛೇರಿಗೆ ಹೋಗುವುದೆಂದರೆ ಹಿಂದಿನವರಿಗೆ ಮೆಟ್ಟಿಲು ಹತ್ತುವುದು, ಜವಾನನನ್ನು ಕಾಣುವುದು, ಗುಮಾಸ್ತರ ಮೇಜಿನ ಮುಂದೆ ಅರ್ಜಿ ಹಿಡಿದು ಕಾಯುವುದು ಎಂದು ಅರ್ಥವಾಗಿದ್ದಿತು. ಆ ಕಾಲವು ಬಹುಮಟ್ಟಿಗೆ ಕಳೆಯಿತು. ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಪಹಣಿ, ಪಿಂಚಣಿ, ವಿದ್ಯುತ್ತಿನ ಬಿಲ್ಲು, ರೈಲಿನ ಟಿಕೀಟು, ಮಕ್ಕಳ ಪರೀಕ್ಷೆಯ ಫಲಿತಾಂಶ, ಇವೆಲ್ಲವೂ ಈಗ ಜಾಲತಾಣಗಳ ಮೂಲಕ ನಡೆಯುತ್ತಲಿವೆ. ಅಂಗವಿಕಲನು ತಾನು ಅಂಗವಿಕಲನೆಂಬ ಗುರುತಿನ ಚೀಟಿಯನ್ನು ಸರ್ಕಾರದಿಂದ ಪಡೆಯಬೇಕಾದರೂ ಅರ್ಜಿಯು ಜಾಲತಾಣದ ಮೂಲಕವೇ ಹೋಗಬೇಕು. ಹೀಗೆ ಜಾಲತಾಣವೇ ಕಛೇರಿಯ ಬಾಗಿಲಾಗಿದೆ. ಬಾಗಿಲೆಂದ ಮೇಲೆ ಅದು ಯಾರಿಗೆ ತೆರೆಯುತ್ತದೆ, ಯಾರಿಗೆ ತೆರೆಯುವುದಿಲ್ಲ ಎಂಬುದು ಸಾರ್ವಜನಿಕರ ಪ್ರಶ್ನೆಯಾಗುವುದೇ ಹೊರತು ಕೇವಲ ಯಂತ್ರಜ್ಞರ ಪ್ರಶ್ನೆಯಾಗಿ ಉಳಿಯಲಾರದು.

ಕಣ್ಣು ಕಾಣದವರು, ಕಿವಿ ಕೇಳದವರು, ಕೈ ಸ್ವಾಧೀನವಿಲ್ಲದವರು, ಓದಿದ್ದನ್ನು ಬೇಗನೆ ಗ್ರಹಿಸಲಾರದವರು, ಇವರೆಲ್ಲರೂ ಅನ್ಯರ ಸಹಾಯವಿಲ್ಲದೆ ಬಳಸುವಂತೆ ಜಾಲತಾಣವನ್ನು ರಚಿಸುವುದಕ್ಕೆ ಸುಗಮ್ಯತೆ ಎಂಬ ಹೆಸರು ರೂಢಿಗೆ ಬಂದಿದೆ. ಈ ವಿಷಯವನ್ನು ಕೋಲಾರದ ಚಿನ್ನದ ಗಣಿ ಮತ್ತು ಬಂಗಾರಪೇಟೆಗಳ ಸೀಮೆಯಲ್ಲಿ ನಿಂತು ವಿಚಾರ ಮಾಡಬೇಕೆಂದು ನಮ್ಮ ಅಪೇಕ್ಷೆ. ಅದಕ್ಕೆ ಕಾರಣವುಂಟು.

ಅಂಗಡಿಯಲ್ಲಿ ಕಂಡದ್ದು

ಕೆಲವು ದಿನಗಳ ಕೆಳಗೆ ರಾಬರ್ಟ್‌ಸನ್‌ಪೇಟೆಯ ಒಂದು ಇಂಟರ್ನೆಟ್ ಅಂಗಡಿಯಲ್ಲಿ ನಾವು ಕುಳಿತಿದ್ದಾಗ ಹಿರಿಯರೊಬ್ಬರು ಮೊಮ್ಮಗಳ ಭುಜ ಹಿಡಿದು ಬಂದರು. ಗಣಿಯಲ್ಲಿ ದುಡಿದವರು, ಈಗ ಎರಡು ಕಣ್ಣುಗಳೂ ಕಾಣುವುದಿಲ್ಲ. ಅವರ ಕೈಯಲ್ಲಿ ಮಾತನಾಡುವ ಫೋನಿತ್ತು. ಮಗನಿಗೆ ಕರೆ ಮಾಡುವುದು, ವಾರ್ತೆ ಕೇಳುವುದು, ಬಂದ ಸಂದೇಶವನ್ನು ಓದಿಸಿಕೊಳ್ಳುವುದು, ಇವೆಲ್ಲವನ್ನೂ ಅವರು ತಾವೇ ಮಾಡಿಕೊಳ್ಳುವರು. ಆದರೆ ಒಂದು ಕಛೇರಿಯ ಜಾಲಪುಟವನ್ನು ತೆರೆದಾಗ ಆ ಫೋನು "ಬಟನ್, ಬಟನ್, ಬಟನ್" ಎಂದು ಮೂರು ಸಲ ಹೇಳಿ ಸುಮ್ಮನಾಯಿತು. ಯಾವ ಗುಂಡಿ ಏತಕ್ಕೆಂಬುದನ್ನು ಆ ಪುಟವನ್ನು ರಚಿಸಿದವರು ಬರೆದಿರಲಿಲ್ಲ. ಕಡೆಯಲ್ಲಿ ಸೊಟ್ಟಸೊಟ್ಟಾದ ಅಕ್ಷರಗಳ ಒಂದು ಚಿತ್ರ, ಕ್ಯಾಪ್ಚಾ ಎಂಬುದು, ಎದುರಾಯಿತು. ತಾನು ಯಂತ್ರವಲ್ಲ, ಮನುಷ್ಯನೆಂದು ರುಜುವಾತು ಮಾಡಲು ಅದನ್ನು ನೋಡಿ ಬರೆಯಬೇಕಂತೆ! ನೋಡಲಾರದವನು ಮನುಷ್ಯನಲ್ಲವೆಂದು ಇದರ ಅರ್ಥವೇ?

ಆದುದರಿಂದ ಅವರು ಅಂಗಡಿಗೆ ಬಂದಿದ್ದರು. ಆಧಾರ್ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿದರು. ಫೋನಿಗೆ ಬಂದ ಒಟಿಪಿಯನ್ನು ಅದೇ ಫೋನು ಗಟ್ಟಿಯಾಗಿ ಓದಿತು. ಗುಟ್ಟಾಗಿರಬೇಕಾದ ಅಂಕೆಗಳು ಅಂಗಡಿಯ ತುಂಬ ಕೇಳಿದವು. ಅಂಗಡಿಯವನು ಸತ್ಯವಂತನಾದುದರಿಂದ ಯಾವ ಅನಾಹುತವೂ ಆಗಲಿಲ್ಲ. ಹೋಗುವಾಗ ಹಿರಿಯರು ಹೇಳಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ: "ಗಣಿಯೊಳಗೆ ಕತ್ತಲೆಯಲ್ಲೇ ಕೆಲಸ ಮಾಡಿದೆ ಸಾರ್. ಅಲ್ಲಿ ಯಾರೂ ನನ್ನ ಕೈ ಹಿಡಿದು ನಡೆಸಲಿಲ್ಲ. ಮೇಲೆ ಬೆಳಕಿದೆ ಅಂತಾರೆ. ಇಲ್ಲಿ ನನ್ನ ರುಜು ಇನ್ನೊಬ್ಬರು ಹಾಕಬೇಕು."

ಗಣಿಯ ಗಂಟೆ

ಈ ಮಾತಿನ ಭಾರವನ್ನು ಅರಿಯಬೇಕಾದರೆ ಈ ನೆಲದ ಚರಿತ್ರೆಯನ್ನು ಸ್ವಲ್ಪ ಜ್ಞಾಪಿಸಿಕೊಳ್ಳಬೇಕು. ೧೮೮೦ರ ದಶಕದಿಂದ ಜಾನ್ ಟೇಲರ್ ಕಂಪೆನಿಯವರು ನಡೆಸಿದ, ೧೯೫೬ರಲ್ಲಿ ರಾಷ್ಟ್ರೀಕರಣವಾದ ಈ ಗಣಿಗಳು ೨೦೦೧ನೆಯ ಫೆಬ್ರವರಿ ೨೮ರಂದು ಮುಚ್ಚಿದವು. ಅಷ್ಟರೊಳಗೆ ಅವು ೮೦೦ ಟನ್ನುಗಳಿಗೂ ಮಿಕ್ಕಿ ಚಿನ್ನವನ್ನು ಕೊಟ್ಟಿದ್ದವು. ಚಾಂಪಿಯನ್ ರೀಫಿನ ಗಣಿಯು ನೆಲದೊಳಗೆ ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಇಳಿದಿದ್ದಿತು. ಚಿನ್ನವು ಎಲ್ಲೆಲ್ಲಿಗೋ ಹೋಯಿತು. ಗಾಯಗಳು ಇಲ್ಲಿಯೇ ಉಳಿದವು. ಕಲ್ಲಿನ ದೂಳು ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ರೋಗವನ್ನು ತಂದಿತು. ಕೊರೆಯುವ ಯಂತ್ರಗಳ ಅಬ್ಬರವು ಕಿವಿಗಳನ್ನು ಮಂದ ಮಾಡಿತು. ಬಂಡೆಯ ಸಿಡಿತವೂ ಸಿಡಿಮದ್ದೂ ಕೈಕಾಲುಗಳನ್ನು, ಕಣ್ಣುಗಳನ್ನು ತೆಗೆದುಕೊಂಡವು. ಮಿಕ್ಕ ಊರುಗಳಲ್ಲಿ ಅಂಗವೈಕಲ್ಯವು ಜನ್ಮದಿಂದಲೋ ವ್ಯಾಧಿಯಿಂದಲೋ ವೃದ್ಧಾಪ್ಯದಿಂದಲೋ ಬರುವುದು. ಇಲ್ಲಿ ಅದಕ್ಕೆ ನಾಲ್ಕನೆಯ ಮೂಲವಿದ್ದಿತು, ಅದು ದುಡಿಮೆ.

ಆದರೂ ಆ ಗಣಿಯು ಒಂದು ವಿಷಯದಲ್ಲಿ ಇಂದಿನ ಜಾಲತಾಣಗಳಿಗಿಂತ ಬುದ್ಧಿವಂತಿಕೆಯಿಂದ ನಡೆದುಕೊಂಡಿತೆಂದು ಹೇಳಬೇಕು. ಕೂಲಿಯವರನ್ನು ಕೆಳಗಿಳಿಸಿ ಮೇಲಕ್ಕೆತ್ತುವ ಕೇಜನ್ನು ನಡೆಸುವ ಎಂಜಿನ್ ಚಾಲಕನು ಇರುತ್ತಿದ್ದುದು ನೆಲದ ಮೇಲೆ. ಸಾವಿರಾರು ಅಡಿ ಕೆಳಗಿರುವ ಕೇಜು ಅವನಿಗೆ ಕಾಣುತ್ತಿರಲಿಲ್ಲ. ಕೆಳಗಿನವರಿಗೆ ಅವನು ಕಾಣುತ್ತಿರಲಿಲ್ಲ. ಇಬ್ಬರ ನಡುವೆ ಇದ್ದುದು ಗಂಟೆ. ಇಷ್ಟು ಬಡಿತವೆಂದರೆ ನಿಲ್ಲಿಸು, ಇಷ್ಟೆಂದರೆ ಎತ್ತು, ಇಷ್ಟೆಂದರೆ ಇಳಿಸು, ಇಷ್ಟೆಂದರೆ ಕೇಜಿನಲ್ಲಿ ಮನುಷ್ಯರಿರುವರು ಎಂದು ಗೊತ್ತುಮಾಡಿದ ಸಂಕೇತವಿದ್ದಿತು. ಪ್ರತಿಯೊಂದು ಸಂಕೇತಕ್ಕೂ ಒಂದೇ ಅರ್ಥ, ಎರಡಿಲ್ಲ. ಕಾಣದವನೊಬ್ಬನು ಕಾಣದವರನ್ನು ಪಾತಾಳಕ್ಕೆ ಇಳಿಸಿ ಕ್ಷೇಮವಾಗಿ ಮೇಲಕ್ಕೆ ತರುತ್ತಿದ್ದನು. ಕಣ್ಣಿಗೆ ಸಿಕ್ಕದ್ದನ್ನು ಕಿವಿಗೆ ಸಿಕ್ಕುವಂತೆ ಮಾಡುವುದು, ಸಂಕೇತದಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ಮಾಡುವುದು, ಜಾಲತಾಣಗಳ ಸುಗಮ್ಯತೆಯ ಶಾಸ್ತ್ರವೆಲ್ಲವೂ ಈ ಎರಡು ಮಾತುಗಳ ವಿಸ್ತಾರವೇ ಆಗಿದೆ.

ಯಂತ್ರಕ್ಕೆ ಬಾಯಿ ಬಂದಿದೆ

ಕಣ್ಣಿಲ್ಲದವರು ಜಾಲತಾಣವನ್ನು ಓದುವುದು ಹೇಗೆಂದು ಅನೇಕ ವಾಚಕರು ಕೇಳಬಹುದು. ಪರದೆಯ ಮೇಲಿನ ಬರಹವನ್ನು ಧ್ವನಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶಗಳಿವೆ. ಸಾಮಾನ್ಯವಾದ ಸ್ಮಾರ್ಟ್‌ಫೋನುಗಳಲ್ಲಿ ಇದು ಕೊಳ್ಳುವಾಗಲೇ ಅಡಕವಾಗಿರುತ್ತದೆ. ಕಂಪ್ಯೂಟರಿಗಾಗಿ ಎನ್.ವಿ.ಡಿ.ಎ. ಎಂಬ ತಂತ್ರಾಂಶವನ್ನು ೨೦೦೬ರಲ್ಲಿ ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬವರು ಪ್ರಾರಂಭಿಸಿದರು; ಜೇಮ್ಸ್ ಟೆ ಎಂಬವರು ಜೊತೆಗೂಡಿದರು. ಇಬ್ಬರೂ ಅಂಧರು. ಅದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಪಡೆಯಬಹುದು. ಅದು ಕನ್ನಡವನ್ನೂ ಓದಬಲ್ಲದು. ಎಂದ ಮೇಲೆ ಯಂತ್ರಕ್ಕೆ ಬಾಯಿ ಬಂದಿದೆ, ಕೊರತೆಯಿರುವುದು ಪುಟಗಳಲ್ಲಿ.

ಕಣ್ಣುಳ್ಳವನು ಪುಟವನ್ನು ಒಮ್ಮೆಗೇ ನೋಡಿ ಬೇಕಾದ ಕಡೆಗೆ ಹೋಗುವನು. ಕೇಳುವವನು ಅದನ್ನು ಸಾಲುಸಾಲಾಗಿ ಕೇಳಬೇಕು. ಅವನ ಶ್ರಮವನ್ನು ತಪ್ಪಿಸಲು ತಲೆಬರಹಗಳನ್ನು ತಲೆಬರಹವೆಂದೇ ಯಂತ್ರಕ್ಕೆ ತಿಳಿಯುವಂತೆ ಗುರುತು ಮಾಡಬೇಕು. ಆಗ ಅವನು ತಲೆಬರಹದಿಂದ ತಲೆಬರಹಕ್ಕೆ ಹಾರುವನು. ಅಕ್ಷರವನ್ನು ಕೇವಲ ದಪ್ಪ ಮಾಡಿದರೆ ಕಣ್ಣಿಗೆ ಅದು ತಲೆಬರಹ, ಯಂತ್ರಕ್ಕೆ ಅಲ್ಲ. ಚಿತ್ರವಿದ್ದರೆ ಅದರಲ್ಲೇನಿದೆಯೆಂದು ಒಂದು ಸಾಲಿನ ವಿವರಣೆಯು ಹಿಂದೆ ಇರಬೇಕು. ಅರ್ಜಿಯ ಪ್ರತಿಯೊಂದು ಮನೆಗೂ ಹೆಸರಿರಬೇಕು. ಇಲ್ಲದಿದ್ದರೆ ಹೆಸರು ಬರೆಯುವ ಜಾಗದಲ್ಲಿ ಹುಟ್ಟಿದ ತಾರೀಖೂ, ತಾರೀಖಿನ ಜಾಗದಲ್ಲಿ ಊರೂ ಬೀಳುವುದು. ತಪ್ಪಾದ ಮನೆಯನ್ನು ಕೆಂಪು ಬಣ್ಣದಿಂದ ತೋರಿಸಿದರೆ ಸಾಲದು. ತಪ್ಪೇನೆಂದು ಮಾತಿನಲ್ಲಿ ಹೇಳಬೇಕು.

ಅಂಧರಿಗಾಗಿ ಮಾತ್ರವೇ ಈ ಏರ್ಪಾಡೆಂದು ತಿಳಿಯಕೂಡದು. ಕೈ ನಡುಗುವವರು, ಒಂದೇ ಕೈಯವರು ಮೌಸನ್ನು ಹಿಡಿಯಲಾರರು. ಅವರಿಗೆ ಎಲ್ಲ ಕೆಲಸವೂ ಕೀಲಿಮಣೆಯಿಂದ ಆಗಬೇಕು, ಫೋನಿನ ಗುಂಡಿಗಳು ಬೆರಳಿಗೆ ಸಿಕ್ಕುವಷ್ಟು ದೊಡ್ಡವಾಗಿರಬೇಕು, ನಿಧಾನವಾಗಿ ತುಂಬುವವರ ಅರ್ಜಿಯು ಅರ್ಧದಲ್ಲಿ ಅಳಿಸಿಹೋಗಕೂಡದು. ಕಿವಿ ಕೇಳದವರಿಗೆ ವಿಡಿಯೋದ ಮಾತು ಬರಹದಲ್ಲಿ ಬರಬೇಕು. ಸಹಾಯಕ್ಕಾಗಿ ದೂರವಾಣಿ ಸಂಖ್ಯೆಯೊಂದನ್ನೇ ಕೊಟ್ಟು ಕರ್ತವ್ಯ ಮುಗಿಯಿತೆಂದರೆ ಅವರಿಗೆ ಏನು ಕೊಟ್ಟಂತಾಯಿತು? ಮಂದದೃಷ್ಟಿಯವರಿಗೆ ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದಲ್ಲಿ ಸಾಕಷ್ಟು ಅಂತರವಿರಬೇಕು. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಈ ಅಂತರವು ೪.೫ಕ್ಕೆ ೧ರಷ್ಟಾದರೂ ಇರತಕ್ಕದ್ದೆಂದು ಅಳತೆಯೂ ಗೊತ್ತಾಗಿದೆ. ಗ್ರಹಣಶಕ್ತಿ ಕಡಿಮೆಯಿರುವವರಿಗೆ ಸರಳವಾದ ಭಾಷೆ ಬೇಕು.

ಇದು ಯಾರೋ ಒಬ್ಬರ ಮನೋಧರ್ಮಕ್ಕೆ ಬಿಟ್ಟ ವಿಷಯವಲ್ಲ. ವಿಶ್ವಜಾಲವನ್ನು ಕಲ್ಪಿಸಿದ ಟಿಮ್ ಬರ್ನರ್ಸ್-ಲೀಯವರು ಸ್ಥಾಪಿಸಿದ ಒಕ್ಕೂಟವು ೧೯೯೭ರಲ್ಲಿ ಈ ಕಾರ್ಯಕ್ಕಾಗಿ ಒಂದು ವಿಭಾಗವನ್ನೇ ತೆರೆದು, ೧೯೯೯ರಲ್ಲಿ ಮೊದಲನೆಯ ಸುಗಮ್ಯತಾ ಸೂತ್ರಗಳನ್ನು ಪ್ರಕಟಿಸಿತು. ೨೦೦೮, ೨೦೧೮ ಮತ್ತು ೨೦೨೩ರಲ್ಲಿ ಅವು ಪರಿಷ್ಕೃತವಾದವು. ಇವುಗಳ ಸಾರವು ನಾಲ್ಕು ಮಾತುಗಳಲ್ಲಿದೆ: ಪುಟದಲ್ಲಿರುವುದು ಯಾವುದಾದರೊಂದು ಇಂದ್ರಿಯಕ್ಕೆ ಗೋಚರವಾಗಬೇಕು, ಅದನ್ನು ನಡೆಸಲು ಸಾಧ್ಯವಾಗಬೇಕು, ಅದು ತಿಳಿಯುವಂತಿರಬೇಕು, ಯಾವ ಸಾಧನದಲ್ಲಿ ತೆರೆದರೂ ಕೆಡದೆ ನಿಲ್ಲಬೇಕು.

ನಮ್ಮ ದೇಶವೊಂದೇ ಹಿಂದೆ ಬಿದ್ದಿದೆಯೆಂದು ಹೇಳುವುದೂ ನ್ಯಾಯವಲ್ಲ. ಅಮೆರಿಕದ ಯೂಟಾ ಸಂಸ್ಥಾನದ ವಿಶ್ವವಿದ್ಯಾನಿಲಯಕ್ಕೆ ಸೇರಿದ ವೆಬ್‌ಏಮ್ ಎಂಬ ಸಂಸ್ಥೆಯು ೨೦೨೫ರಲ್ಲಿ ಹತ್ತು ಲಕ್ಷ ಜಾಲತಾಣಗಳ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸಿದಾಗ ನೂರಕ್ಕೆ ೯೪.೮ರಲ್ಲಿ ದೋಷಗಳು ಕಂಡುಬಂದವು. ಅತಿ ಸಾಮಾನ್ಯವಾದ ದೋಷವು ಮಂಕಾದ ಅಕ್ಷರಗಳದು. ದೊಡ್ಡ ವಿದ್ಯೆಯಿಂದ ಮಾತ್ರ ನಿವಾರಣೆಯಾಗುವ ದೋಷಗಳಲ್ಲ ಇವು. ಲಕ್ಷ್ಯವಿಟ್ಟರೆ ಒಂದು ದಿನದಲ್ಲಿ ಹೋಗತಕ್ಕವು.

ಕನ್ನಡದ ವಿಶೇಷ ತೊಡಕು

ಮಿಕ್ಕ ದೇಶಗಳ ತೊಡಕುಗಳ ಜೊತೆಗೆ ಕನ್ನಡಕ್ಕೆ ತನ್ನದೇ ಆದ ಮೂರು ತೊಡಕುಗಳಿವೆ. ಅಧಿಕಾರಿಗಳು ಇವುಗಳನ್ನು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥಿಸುತ್ತೇವೆ.

ಮೊದಲನೆಯದು ಹಳೆಯ ಅಕ್ಷರಶೈಲಿಗಳ ತೊಡಕು. ಕಂಪ್ಯೂಟರಿನಲ್ಲಿ ಕನ್ನಡವನ್ನು ಬೆರಳಚ್ಚು ಮಾಡಲು ಆರಂಭಿಸಿದ ಕಾಲದಲ್ಲಿ ರೋಮನ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಹೊದಿಸಿದ ಫಾಂಟುಗಳು ಬಳಕೆಗೆ ಬಂದವು. ಆ ಕಾಲಕ್ಕೆ ಅವು ನಾಡಿಗೆ ದೊಡ್ಡ ಉಪಕಾರವನ್ನೇ ಮಾಡಿದವು. ಆದರೆ ಅದು ಮುಖವಾಡದ ಕನ್ನಡ. ಕಣ್ಣಿಗೆ ಕಾಣುವುದು ಕನ್ನಡವಾದರೂ ಯಂತ್ರದ ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಸ್ಕ್ರೀನ್ ರೀಡರ್ ಅದನ್ನು ಓದಿದರೆ ಅಂಧನಿಗೆ ಕೇಳುವುದು ಅರ್ಥವಿಲ್ಲದ ಗದ್ದಲ. ಯೂನಿಕೋಡ್ ಎಂಬ ವಿಶ್ವಮಾನ್ಯ ಸಂಕೇತದಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದೆ. ಅದರಲ್ಲಿ ಬರೆದದ್ದು ಒಳಗೂ ಹೊರಗೂ ಕನ್ನಡವೇ. ಆದಾಗ್ಯೂ ಹಳೆಯ ಫಾಂಟಿನಲ್ಲಿ ಕಡತಗಳನ್ನು ಸಿದ್ಧಪಡಿಸುವ ಅಭ್ಯಾಸವು ಎಲ್ಲ ಕಡೆಯಲ್ಲಿಯೂ ಹೋಗಿಲ್ಲ.

ಎರಡನೆಯದು ಇದಕ್ಕಿಂತ ಸಾಮಾನ್ಯವಾದುದು. ಕಛೇರಿಯಲ್ಲಿ ಸುತ್ತೋಲೆಯನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡುವರು, ಕಾಗದದ ಮೇಲೆ ತೆಗೆಯುವರು, ಸಾಹೇಬರು ರುಜು ಮಾಡುವರು, ಮೊಹರು ಬೀಳುವುದು, ಅನಂತರ ಅದನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಜಾಲತಾಣಕ್ಕೆ ಏರಿಸುವರು. ಹಾಗೆ ಏರಿದ್ದು ಸುತ್ತೋಲೆಯಲ್ಲ, ಸುತ್ತೋಲೆಯ ಛಾಯಾಚಿತ್ರ. ಅಂಧನ ಫೋನಿಗೆ ಅದು ಬರಿಯ ಖಾಲಿ ಹಾಳೆ. ಅಂಗವಿಕಲರಿಗೆ ಸೌಲಭ್ಯ ಕೊಡುವ ಆಜ್ಞೆಯೇ ಅಂಗವಿಕಲರು ಓದಲಾರದ ರೂಪದಲ್ಲಿ ಪ್ರಕಟವಾದರೆ ಅದಕ್ಕಿಂತ ಶೋಚನೀಯವಾದುದು ಯಾವುದು? ಓದಲು ಬರುವ ಮೂಲಪ್ರತಿಯು ಗುಮಾಸ್ತರ ಕಂಪ್ಯೂಟರಿನಲ್ಲಿಯೇ ಇರುತ್ತದೆ. ಮೊಹರಿನ ಪ್ರತಿಯ ಪಕ್ಕದಲ್ಲಿ ಅದನ್ನೂ ಏರಿಸಿದರೆ ತೀರಿತು. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಮೂರನೆಯದು ಭಾಷೆಯ ಗುರುತು. ಪುಟವು ಯಾವ ಭಾಷೆಯದೆಂದು ಯಂತ್ರಕ್ಕೆ ಒಂದು ಸಣ್ಣ ಗುರುತಿನಿಂದ ತಿಳಿಸಬೇಕಾಗುತ್ತದೆ. ಕನ್ನಡದ ಪುಟಕ್ಕೆ ಇಂಗ್ಲಿಷಿನ ಗುರುತು ಬಿದ್ದಿದ್ದರೆ ಓದುವ ಧ್ವನಿಯು ತಡವರಿಸುವುದು, ಇಲ್ಲವೆ ಮೌನವಾಗುವುದು. ಚಿನ್ನದ ಗಣಿಯ ಸೀಮೆಯಲ್ಲಿ ಇದು ಸಣ್ಣ ವಿಷಯವಲ್ಲ. ಇಲ್ಲಿಯ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕೇಳಿಬರುತ್ತವೆ. ಒಂದು ಪುಟದಲ್ಲಿ ಎರಡು ಮೂರು ಭಾಷೆಗಳಿದ್ದರೆ ಪ್ರತಿಯೊಂದು ಭಾಗಕ್ಕೂ ಅದರದರ ಗುರುತನ್ನು ಹಾಕಬೇಕು. ಕನ್ನಡವು ಆಡಳಿತದ ಭಾಷೆಯಾಗಿ ನೆಲೆಯೂರಬೇಕೆಂದು ನಾವೆಲ್ಲರೂ ಬಯಸುವೆವು. ಹಾಗಾದರೆ ಅದು ಕಿವಿಯಿಂದ ಓದುವ ಕನ್ನಡಿಗನನ್ನೂ ಮುಟ್ಟುವ ಕನ್ನಡವಾಗಬೇಡವೆ?

ಕಾನೂನು ಏನು ಹೇಳುತ್ತದೆ

ಇದು ದಯೆಯ ಮಾತಾಗಿದ್ದ ಕಾಲವೂ ಕಳೆಯಿತು. ಅಂಗವಿಕಲರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು ೨೦೦೭ರಲ್ಲಿ ಅನುಮೋದಿಸಿತು. ಸರ್ಕಾರಿ ಜಾಲತಾಣಗಳಿಗೆ ಕೇಂದ್ರದವರ ಮಾರ್ಗಸೂಚಿಯು ೨೦೦೯ರಲ್ಲಿ ಹೊರಟಿತು. ಅದರ ಮೂರನೆಯ ಆವೃತ್ತಿಯು ೨೦೨೩ರಲ್ಲಿ ಬಂದಿತು. ೨೦೧೫ನೆಯ ಡಿಸೆಂಬರಿನಲ್ಲಿ ಸುಗಮ್ಯ ಭಾರತ ಅಭಿಯಾನವು ಕಟ್ಟಡ ಮತ್ತು ಸಾರಿಗೆಗಳ ಜೊತೆಗೆ ಜಾಲತಾಣಗಳನ್ನೂ ತನ್ನ ಗುರಿಯಾಗಿ ಇಟ್ಟುಕೊಂಡಿತು. ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ೨೧ ವಿಧದ ವೈಕಲ್ಯಗಳನ್ನು ಅಂಗೀಕರಿಸಿ, ಮಾಹಿತಿ ಮತ್ತು ಸಂಪರ್ಕ ಸಾಧನಗಳು ಅವರಿಗೆ ಎಟಕುವಂತಿರಬೇಕೆಂದು ವಿಧಿಸಿತು; ಸರ್ಕಾರದವರಿಗೆ ಮಾತ್ರವಲ್ಲದೆ ಖಾಸಗಿಯವರಿಗೂ ಗಡುವನ್ನಿಟ್ಟಿತು; ಉಲ್ಲಂಘನೆಗೆ ದಂಡವನ್ನೂ ಹೇಳಿತು.

ಆದರೆ ಅದರ ಕೆಳಗೆ ೨೦೧೭ರಲ್ಲಿ ಮಾಡಿದ ನಿಯಮವು ಸಡಿಲವಾಗಿದ್ದಿತು. ರಾಜೀವ್ ರಾತುರಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೪ನೆಯ ನವೆಂಬರ್ ೮ರಂದು, ಅಧಿನಿಯಮವು ಕಡ್ಡಾಯ ಮಾಡಿದ್ದನ್ನು ನಿಯಮವು ಕೇವಲ ಶಿಫಾರಸಿನ ಮಟ್ಟಕ್ಕೆ ಇಳಿಸಿದೆಯೆಂದು ಆ ನಿಯಮವನ್ನು ಅಸಿಂಧುಗೊಳಿಸಿ, ಕಡ್ಡಾಯವಾದ ನಿಯಮಗಳನ್ನು ಮೂರು ತಿಂಗಳೊಳಗಾಗಿ ರಚಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಆಜ್ಞಾಪಿಸಿತು.

ಇದರ ಬೆನ್ನಿಗೇ ಬಂದ ಇನ್ನೊಂದು ತೀರ್ಪು ಗಣಿಯ ಸೀಮೆಯವರಿಗೆ ಬಹಳ ಹತ್ತಿರದ್ದು. ಪಿಂಚಣಿದಾರನು ತಾನು ಬದುಕಿರುವೆನೆಂದು ಪ್ರತಿವರ್ಷವೂ ತಿಳಿಸಬೇಕಷ್ಟೆ. ಜೀವನ್ ಪ್ರಮಾಣ್ ಎಂಬ ಯೋಜನೆಯು ೨೦೧೪ರಲ್ಲಿ ಬಂದಂದಿನಿಂದ ಇದನ್ನು ಬೆರಳಚ್ಚಿನ ಮೂಲಕ ಯಂತ್ರದಲ್ಲಿಯೂ ಮಾಡಬಹುದಾಗಿದೆ; ಇದು ನಡೆಯಲಾರದ ವೃದ್ಧರಿಗೆ ನಿಜವಾಗಿಯೂ ಉಪಕಾರವಾಗಿದೆ. ಆದರೆ ವರ್ಷಾನುಗಟ್ಟಲೆ ಕಲ್ಲಿನೊಡನೆ ಸೆಣಸಿದ ಕೈಗಳ ಬೆರಳುಗೆರೆಗಳು ಸವೆದಿರುತ್ತವೆ, ಯಂತ್ರವು ಹೊಂದಿಕೆಯಾಗಲಿಲ್ಲವೆನ್ನುವುದು. ಮುಖವನ್ನು ತೋರಿಸೋಣವೆಂದರೆ ಅನೇಕ ತಂತ್ರಾಂಶಗಳು ಕಣ್ಣು ಮಿಟುಕಿಸೆನ್ನುವುವು. ಆಸಿಡ್ ದಾಳಿಯಲ್ಲಿ ಮುಖಕ್ಕೂ ಕಣ್ಣಿಗೂ ಗಾಯವಾದ ಪ್ರಜ್ಞಾ ಪ್ರಸೂನ್ ಅವರಿಗೆ ಈ ಮಿಟುಕಿಸುವ ಪರೀಕ್ಷೆಯೇ ಅಡ್ಡಿಯಾಗಿ ಬ್ಯಾಂಕಿನ ಖಾತೆ ದೊರೆಯದೆ ಹೋಯಿತು. ಅವರ ಮತ್ತು ಅಂಧ ಅರ್ಜಿದಾರರೊಬ್ಬರ ಮೊಕದ್ದಮೆಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೫ನೆಯ ಏಪ್ರಿಲ್ ೩೦ರಂದು, ಇಂತಹ ಸೇವೆಗಳನ್ನು ಬಳಸುವ ಅವಕಾಶವು ಸಂವಿಧಾನದ ೨೧ನೆಯ ಅನುಚ್ಛೇದವು ಕೊಡುವ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸಾರಿ, ೨೦ ನಿರ್ದೇಶನಗಳನ್ನು ಕೊಟ್ಟಿತು. ಜೀವಿಸುವ ಹಕ್ಕು! ಬದುಕಿರುವೆನೆಂದು ಹೇಳಲು ಯಂತ್ರದ ಮುಂದೆ ಸವೆದ ಬೆರಳನ್ನು ಒತ್ತಿ ಒತ್ತಿ ಸೋತ ಮುದುಕನಿಗೆ ಈ ಮಾತಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಆಕ್ಷೇಪಗಳು

ಇಷ್ಟಾದರೂ ಕೆಲವರು ಆಕ್ಷೇಪಿಸುವುದುಂಟು. ಅಂಗವಿಕಲರು ಎಷ್ಟು ಮಂದಿ ಇದ್ದಾರೆ, ಅಷ್ಟು ಮಂದಿಗಾಗಿ ಇಷ್ಟು ಶ್ರಮವೇ ಎನ್ನುವರು. ೨೦೧೧ರ ಜನಗಣತಿಯಂತೆ ಭಾರತದಲ್ಲಿ ಅಂಗವಿಕಲರು ೨ ಕೋಟಿ ೬೮ ಲಕ್ಷ. ಕರ್ನಾಟಕದಲ್ಲಿಯೇ ೧೩ ಲಕ್ಷಕ್ಕೂ ಮಿಕ್ಕಿ. ಅದೂ ೨೧ ವಿಧಗಳನ್ನು ಅಂಗೀಕರಿಸುವ ಅಧಿನಿಯಮವು ಬರುವುದಕ್ಕೆ ಮುಂಚಿನ ಲೆಕ್ಕ. ಕನ್ನಡಕವಿಲ್ಲದೆ ಓದಲಾರದ ಹಿರಿಯರನ್ನೂ, ಕೈಗೆ ಪಟ್ಟಿ ಕಟ್ಟಿಸಿಕೊಂಡವರನ್ನೂ, ಬಂಗಾರಪೇಟೆಯ ಪ್ಲಾಟ್‌ಫಾರಂನ ಮಧ್ಯಾಹ್ನದ ಬಿಸಿಲಿನಲ್ಲಿ ಫೋನು ಹಿಡಿದು ಮಂಕಾದ ಅಕ್ಷರಗಳನ್ನು ಹುಡುಕುವವರನ್ನೂ ಸೇರಿಸಿದರೆ ಈ ಸಂಖ್ಯೆ ಎಲ್ಲಿಗೆ ಹೋಗುವುದು? ವೃದ್ಧಾಪ್ಯವು ನಮ್ಮೆಲ್ಲರಿಗೂ ಕಾದಿಟ್ಟ ವಸ್ತು. ಸುಗಮ್ಯವಾದ ಪುಟವು ಇಂದು ಅವರಿಗೆ, ನಾಳೆ ನಮಗೆ.

ಖರ್ಚು ಹೆಚ್ಚೆಂಬುದು ಎರಡನೆಯ ಆಕ್ಷೇಪ. ಕಟ್ಟಿದ ಮನೆಗೆ ಅನಂತರ ಇಳಿಜಾರು ಹಾಕಿಸಬೇಕಾದರೆ ಗೋಡೆ ಒಡೆಯಬೇಕು. ಕಟ್ಟುವಾಗಲೇ ಹಾಕಿಸಿದರೆ ನಾಲ್ಕು ಗಾಡಿ ಮಣ್ಣು ಸಾಕು. ಜಾಲತಾಣದ ವಿಷಯದಲ್ಲಿಯೂ ಹೀಗೆಯೇ. ಕೊನೆಯಲ್ಲಿ ತೇಪೆ ಹಚ್ಚುವುದರಿಂದಲೇ ವೆಚ್ಚವು ಬೆಳೆಯುತ್ತದೆ. ಮತ್ತೆ ಕೆಲವರು ಪುಟದ ನೆತ್ತಿಯ ಮೇಲೆ ಅಕ್ಷರವನ್ನು ಹಿಗ್ಗಿಸುವ ಕುಗ್ಗಿಸುವ ಮೂರು ಗುಂಡಿಗಳನ್ನು ಅಂಟಿಸಿ, ನಮ್ಮ ತಾಣವು ಸುಗಮ್ಯವಾಯಿತೆಂದು ಘೋಷಿಸುವರು. ಗೋಡೆಯ ಮೇಲೆ ಬಾಗಿಲಿನ ಚಿತ್ರ ಬರೆದಂತೆ ಅದು. ಒಳಗೆ ಗುಂಡಿಗಳಿಗೆ ಹೆಸರಿಲ್ಲದಿದ್ದರೆ ಹೊರಗಿನ ಮೂರು ಗುಂಡಿಗಳಿಂದ ಪ್ರಯೋಜನವೇನು?

ಮನೆಯಲ್ಲಿ ಯಾರಾದರೂ ಸಹಾಯ ಮಾಡುವರೆಂಬುದು ಮೂರನೆಯ ಆಕ್ಷೇಪ. ಇದು ಕೇಳಲು ಹಿತವಾಗಿದೆ. ನಮ್ಮ ಸಂಸಾರಗಳಲ್ಲಿ ಪ್ರೀತಿಗೆ ಕೊರತೆಯಿಲ್ಲವೆಂಬುದು ಸತ್ಯ. ಆದರೆ ಸಹಾಯವು ತಾನು ಕೇಳಿದಾಗ ಬಂದರೆ ಉಪಕಾರ, ಕೇಳದೆ ವಿಧಿಯಿಲ್ಲವೆಂದಾದರೆ ಪರಾಧೀನತೆ. ಪಿಂಚಣಿಯ ಮೊತ್ತವೆಷ್ಟು, ವೈದ್ಯರು ಬರೆದುದೇನು, ಖಾತೆಯಲ್ಲಿ ಉಳಿದುದೇನು ಎಂಬುದನ್ನು ತಾನೊಬ್ಬನೇ ತಿಳಿಯುವ ಅಧಿಕಾರವು ಕಣ್ಣುಳ್ಳವನಿಗೆ ಇರುವಂತೆಯೇ ಇಲ್ಲದವನಿಗೂ ಇದೆ. ಆ ಅಂಗಡಿಯಲ್ಲಿ ಹಿರಿಯರು ಕಳೆದುಕೊಂಡದ್ದು ದುಡ್ಡನ್ನಲ್ಲ, ಈ ಅಧಿಕಾರವನ್ನು.

ಮಾಡತಕ್ಕ ಕೆಲಸ

ದೋಷಗಳನ್ನು ಎಣಿಸಿ ಸುಮ್ಮನಾಗುವುದು ನಮ್ಮ ಉದ್ದೇಶವಲ್ಲ. ತಾಲ್ಲೂಕು ಕಛೇರಿ, ನಗರಸಭೆ, ಪುರಸಭೆ, ಬ್ಯಾಂಕು, ಶಾಲೆಗಳ ಅಧಿಕಾರಿಗಳು ನಾಳೆಯಿಂದಲೇ ಮಾಡಬಹುದಾದ ಕೆಲಸಗಳು ಕೆಲವಿವೆ.

ಪ್ರತಿಯೊಬ್ಬ ಅಧಿಕಾರಿಯೂ ಒಂದು ದಿನ ಮೌಸನ್ನು ಪಕ್ಕಕ್ಕಿಟ್ಟು, ತಮ್ಮ ಕಛೇರಿಯ ಅರ್ಜಿಯೊಂದನ್ನು ಮೊದಲಿನಿಂದ ಕೊನೆಯವರೆಗೆ ಕೀಲಿಮಣೆಯಿಂದಲೇ ತುಂಬಿ ನೋಡಲಿ. ಮರುದಿನ ಪರದೆಯನ್ನು ಆರಿಸಿ, ಸ್ಕ್ರೀನ್ ರೀಡರಿನ ಧ್ವನಿಯನ್ನು ಮಾತ್ರ ಕೇಳಿ ಅದೇ ಅರ್ಜಿಯನ್ನು ತುಂಬಲಿ. ಈ ಎರಡು ಗಂಟೆಗಳ ಅನುಭವವು ನೂರು ಸುತ್ತೋಲೆಗಳಿಗಿಂತ ಹೆಚ್ಚು ಕಲಿಸುವುದು.

ಜಾಲತಾಣವನ್ನು ಕಟ್ಟಿಸಲು ಟೆಂಡರು ಕರೆಯುವಾಗ ಸುಗಮ್ಯತೆಯನ್ನು ಷರತ್ತಾಗಿ ಬರೆಯಬೇಕು. ಅಂಗವಿಕಲರೇ ಬಳಸಿ ನೋಡಿ ಸರಿಯೆಂದ ಮೇಲೆಯೇ ಕೊನೆಯ ಕಂತನ್ನು ಪಾವತಿ ಮಾಡಬೇಕು. ಹಾಗೆ ಪರೀಕ್ಷಿಸುವವರಿಗೆ ಸಂಭಾವನೆಯನ್ನೂ ಕೊಡಬೇಕು; ಅದು ಬಿಟ್ಟಿ ಚಾಕರಿಯಾಗಕೂಡದು. ಯಂತ್ರದ ಪರೀಕ್ಷೆಯು ಗುಂಡಿಗೆ ಹೆಸರಿದೆಯೇ ಎಂದು ಹೇಳಬಲ್ಲದು. ಆ ಹೆಸರು ಸರಿಯೇ ಎಂಬುದನ್ನು ಬಳಸುವವನೇ ಹೇಳಬೇಕು.

ಕ್ಯಾಪ್ಚಾದ ಚಿತ್ರವು ಇರಲೇಬೇಕಾದಲ್ಲಿ ಕೇಳಿ ಬರೆಯುವ ಪರ್ಯಾಯವನ್ನೂ ಇಡಬೇಕು. ಕಣ್ಣು ಕಿವಿ 두 ಇಲ್ಲದವರಿಗೆ ಮೂರನೆಯ ದಾರಿಯೂ ಇರಬೇಕು. ಬೆರಳಚ್ಚು ಹೊಂದದಿದ್ದರೆ, ಮುಖವು ಹೊಂದದಿದ್ದರೆ, ಮನುಷ್ಯನನ್ನು ಮನುಷ್ಯನೇ ನೋಡಿ ಗುರುತಿಸುವ ಏರ್ಪಾಡು ಉಳಿದಿರಬೇಕು. ಜಾಲತಾಣವು ಎಲ್ಲರಿಗೂ ತೆರೆಯುವವರೆಗೆ ಕಛೇರಿಯ ಹಳೆಯ ಕಿಟಕಿಯನ್ನು ಮುಚ್ಚಕೂಡದು. ತೊಡಕು ಬಂದಾಗ ಯಾರಿಗೆ ತಿಳಿಸಬೇಕೆಂಬುದನ್ನು, ದೂರವಾಣಿಯಲ್ಲಿಯೂ ಬರಹದಲ್ಲಿಯೂ ತಿಳಿಸಲು ಸಾಧ್ಯವಾಗುವಂತೆ, ಮುಖಪುಟದಲ್ಲಿಯೇ ಪ್ರಕಟಿಸಬೇಕು.

ಈ ನಾಡಿಗೆ ಇಂತಹ ಕೆಲಸವು ಹೊಸದಲ್ಲ. ಮೈಸೂರಿನಲ್ಲಿ ಅಂಧರಿಗೂ ಕಿವುಡರಿಗೂ ೧೯೦೧ರಲ್ಲಿಯೇ ಶಾಲೆ ಏರ್ಪಟ್ಟಿದ್ದಿತು. ಮರುವರ್ಷ, ೧೯೦೨ರಲ್ಲಿ, ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು ೧೪೭ ಕಿಲೋಮೀಟರು ತಂತಿಯ ಮೇಲೆ ಹರಿದು ಕೋಲಾರದ ಗಣಿಗಳಿಗೆ ಬಂದಿತು. ಬೆಂಗಳೂರಿನ ಬೀದಿಗಳಿಗೆ ಆ ದೀಪ ಬಂದುದು ೧೯೦೫ರಲ್ಲಿ. ರಾಜಧಾನಿಗಿಂತ ಮೊದಲು ಬೆಳಕನ್ನು ಕಂಡ ಊರಿದು. ಆ ಬೆಳಕು ಬಂದುದು ಚಿನ್ನಕ್ಕಾಗಿ. ಈಗ ಕೇಳುತ್ತಿರುವ ಬೆಳಕು ಚಿನ್ನ ತೆಗೆದವರಿಗಾಗಿ.

ಇದನ್ನು ತರಬಲ್ಲ ಕೈಗಳೂ ಇಲ್ಲಿಯೇ ಇವೆ. ಗಣಿ ಮುಚ್ಚಿದ ಮೇಲೆ ಈ ಊರಿನ ಮಕ್ಕಳು ೧೮೯೪ರಲ್ಲಿ ಗಣಿಗಾಗಿ ಹಾಕಿದ ಅದೇ ರೈಲುದಾರಿಯಲ್ಲಿ, ನಸುಕಿನಲ್ಲಿ ಮಾರಿಕುಪ್ಪಂನ ಗಾಡಿ ಹತ್ತಿ, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ. ಅವರಲ್ಲಿ ಜಾಲಪುಟಗಳನ್ನು ಕಟ್ಟುವವರೂ ಇದ್ದಾರೆ. ತಾತಂದಿರು ಕೆಳಗಿನಿಂದ ಗಂಟೆ ಬಡಿದಾಗ ಮೇಲಿನವನು ಕೇಳಿಸಿಕೊಂಡು ಕೇಜನ್ನು ಎತ್ತಿದನು. ಆದುದರಿಂದಲೇ ಅವರು ಮನೆಗೆ ಬಂದರು, ಸಂಸಾರ ಬೆಳೆಯಿತು. ಈಗ ಮೇಲೆ ಕುಳಿತಿರುವವರು ಈ ತರುಣರು. ತಾವು ಬರೆಯುವ ಪ್ರತಿಯೊಂದು ಗುಂಡಿಗೆ ಒಂದು ಹೆಸರು, ಪ್ರತಿಯೊಂದು ಚಿತ್ರಕ್ಕೆ ಒಂದು ಸಾಲು, ಇಷ್ಟನ್ನು ಇವರು ಮರೆಯದಿದ್ದರೆ ಸಾಕು. ರಾಬರ್ಟ್‌ಸನ್‌ಪೇಟೆಯ ಆ ಹಿರಿಯರು ಮುಂದಿನ ಸಲ ಅಂಗಡಿಗೆ ಬರದೆ, ತಮ್ಮ ಮನೆಯ ಜಗಲಿಯ ಮೇಲೆ ಕುಳಿತು, ತಮ್ಮ ರುಜುವನ್ನು ತಾವೇ ಹಾಕುವರು.